ಎಲ್ ಅಂದರೆ ಎಡ ಅಂತ ಹೇಳಿಕೊಟ್ಟವನು ನಾನೇ

ಈವೆಂಟ್ ಮುಗಿದ ವಾರಕ್ಕೆ ಆಫೀಸಿನಿಂದ ಒಂದು ಎಕ್ಸೆಲ್ ಶೀಟ್ ಬಂತು. ಕೊನೆಯ ಕಾಲಮ್‌ನಲ್ಲಿ ಒಂದೇ ಸಾಲು: ‘ತಾಂತ್ರಿಕ ಕಾರಣದಿಂದ 9 ಸುತ್ತು ಕಡಿಮೆ.’ ಆ ತಾಂತ್ರಿಕ ಕಾರಣ ನಾನು.

ಯುನಿಸೈಕಲ್, ಅಂದರೆ ಒಂದೇ ಚಕ್ರದ ಸೈಕಲ್, ಮಾರುವ, ಕಲಿಸುವ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ನೋಡಿಕೊಳ್ಳುತ್ತೇನೆ. ಸರ್ವಿಸ್ ಅಂದರೆ ಸ್ಪೋಕ್ ಬಿಗಿ ಮಾಡುವುದರಿಂದ ಹಿಡಿದು ಸ್ಟಾಲಿಗೆ ಟೇಬಲ್ ಹೊರುವವರೆಗೆ ಎಲ್ಲವೂ. ಜಿರಾಫೆ ಅಂತ ಕರೆಯುವ ಎತ್ತರದ ಗಾಡಿ ಬಿಟ್ಟರೆ ನಮ್ಮ ಯಾವುದಕ್ಕೂ ಚೈನ್ ಇಲ್ಲ. ತುಳಿಯದೆ ಚಕ್ರ ಉರುಳಲು ಬಿಡುವ ಫ್ರೀವೀಲ್ ಯಾವುದಕ್ಕೂ ಇಲ್ಲ. ಕ್ರಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು, ನೇರ ಚಕ್ರದ ನಡುವಿನ ಹಬ್‌ಗೆ ಕೂತಿರುತ್ತದೆ. ಕೆಡುವುದಕ್ಕೆ ಏನಿದೆ ಅಂತ ಸೇಲ್ಸ್‌ನವರು ರೇಗಿಸುತ್ತಿದ್ದರು. ಈಗ ರೇಗಿಸುವುದಿಲ್ಲ. ಕೆಡಿಸುವುದಕ್ಕೆ ನಾನೊಬ್ಬ ಸಾಕು ಅಂತ ಗೊತ್ತಾಗಿದೆ.

ಶನಿವಾರ ಎಕ್ಸ್‌ಪೋ. ಭಾನುವಾರ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಚಾರಿಟಿ ರೈಡ್. ನಡುವೆ ಒಂದು ರಾತ್ರಿ. ಇದು ಯಾರ ಐಡಿಯಾ ಅಂತ ಕೇಳಬೇಡಿ. ಮೀಟಿಂಗಿನಲ್ಲಿ ತಲೆ ಆಡಿಸಿದವರಲ್ಲಿ ನಾನೂ ಇದ್ದೆ.

ಎಕ್ಸ್‌ಪೋದಲ್ಲಿ ಮ್ಯಾನೇಜರ್‌ಗೆ ಜಿರಾಫೆಯದೇ ಹುಚ್ಚು. ಐದಡಿ ಎತ್ತರದಲ್ಲಿ ಕೂತು ನಮ್ಮ ಟ್ರೈನರ್ ಮೂರು ಚೆಂಡು ಆಡಿಸಬೇಕು, ಜನ ಸೇರಬೇಕು, ಲೀಡ್ಸ್, ಅಂದರೆ ಕೊಳ್ಳಬಹುದಾದವರ ನಂಬರ್, ಬರಬೇಕು. ಜನ ಸೇರಿದರು. ಚಪ್ಪಾಳೆ ತಟ್ಟಿದರು, ವಿಡಿಯೋ ಮಾಡಿಕೊಂಡರು, ಹೋದರು. ಎಷ್ಟು ಚೆನ್ನಾಗಿ ಆಡಿಸಿದನೋ ಅಷ್ಟೂ ಜನ ‘ಇದು ನಮ್ಮ ಕೈಲಾಗೋದಲ್ಲ’ ಅಂದುಕೊಂಡು ಹೋದರು. ಸರ್ಕಸ್ ತೋರಿಸಿದರೆ ಜನ ಪ್ರೇಕ್ಷಕರೇ ಆಗುತ್ತಾರೆ, ಅಲ್ವಾ?

ಮೂಲೆಯಲ್ಲಿ, ಕರೆಂಟ್ ಬೋರ್ಡ್ ಪಕ್ಕದಲ್ಲಿ, ನಾನು ಎರಡು ಸಾಲು ಕಂಬಿ ನಿಲ್ಲಿಸಿದ್ದೆ. ನಡುವೆ 20 ಇಂಚಿನ ಗಾಡಿಗಳು. ಕ್ಯೂ ಇದ್ದಿದ್ದು ಅಲ್ಲಿ. ಕಂಬಿ ಹಿಡಿದುಕೊಳ್ಳಿ, ಭಾರ ಪೆಡಲ್ ಮೇಲೆ ಹಾಕಬೇಡಿ, ಸೀಟಿನ ಮೇಲೆ ಕೂರಿ, ನೆಲ ನೋಡಬೇಡಿ, ದೂರ ನೋಡಿ. ದಿನವಿಡೀ ಇಷ್ಟೇ ಹೇಳಿದ್ದು. ಹೊಸಬರು ಕಾಲಿನ ಮೇಲೇ ನಿಲ್ಲುತ್ತಾರೆ. ಆಗ ಚಕ್ರ ಮುಂದಕ್ಕೆ ಜಾರಿ ಹೋಗುತ್ತದೆ. ಪೂರ್ತಿ ಕಲಿಯಲು ಸಾಮಾನ್ಯವಾಗಿ 10–15 ಗಂಟೆ ಬೇಕು. ಆದರೆ ಹತ್ತು ನಿಮಿಷದಲ್ಲಿ ಒಮ್ಮೆ ಕಂಬಿ ಬಿಟ್ಟು ಎರಡು ಸುತ್ತು ಪೆಡಲ್ ತುಳಿದವನ ಮುಖ ನೋಡಬೇಕು. ಅವನ ನಂಬರ್ ನಾವು ಕೇಳಬೇಕಾಗಿಲ್ಲ, ಅವನೇ ಕೊಡುತ್ತಾನೆ. ಮ್ಯಾನೇಜರ್‌ಗೆ ಇದನ್ನು ಮೂರು ವರ್ಷದಿಂದ ಹೇಳುತ್ತಿದ್ದೇನೆ. ಈ ಸಲವೂ ಮುಖ್ಯ ಜಾಗ ಜಿರಾಫೆಗೇ ಹೋಯಿತು.

ಗೋಡೆಗೆ ಎರಡು ಬ್ಯಾನರ್ ಬರೆಸಿದ್ದೆ. ಒಂದರಲ್ಲಿ ಸ್ಯಾಮ್ ವೇಕ್ಲಿಂಗ್. 2007ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ 24 ಗಂಟೆಯಲ್ಲಿ 453 ಕಿ.ಮೀ. ಓಡಿಸಿದವರು. ಇನ್ನೊಂದರಲ್ಲಿ ಎಡ್ ಪ್ರ್ಯಾಟ್. 2015ರಲ್ಲಿ ಇಂಗ್ಲೆಂಡಿನಿಂದ 36 ಇಂಚಿನ ಒಂಟಿ ಚಕ್ರ ಹತ್ತಿ ಹೊರಟ ಹುಡುಗ, ಸಾಮಾನನ್ನೆಲ್ಲ ತಾನೇ ಹೊತ್ತು ಜಗತ್ತು ಸುತ್ತಿ 2018ರಲ್ಲಿ ಮನೆಗೆ ಬಂದ. ದಾರಿಯಲ್ಲಿ ಶಾಲಾ ಮಕ್ಕಳಿಗಾಗಿ 3 ಲಕ್ಷ ಪೌಂಡ್‌ಗೂ ಜಾಸ್ತಿ ಹಣ ಕೂಡಿಸಿದ. ‘ನಾಳೆ ನಮ್ಮ ರೈಡ್ ಕೂಡ ಹೀಗೇ’ ಅಂತ ಕೆಳಗೆ ಬರೆಸಿದವರು ಮ್ಯಾನೇಜರ್. ನಮ್ಮದು 12 ಗಂಟೆ, 2 ಕಿ.ಮೀ. ಸುತ್ತು, ಗುರಿ 80 ಸುತ್ತು. ಇರಲಿ.

ಈಗ ಮುಖ್ಯ ಸಂಗತಿ. ಶನಿವಾರ ಬೆಳಗ್ಗೆ ಒಬ್ಬ ವಾಲಂಟಿಯರ್ ಹುಡುಗಿ 12 ಡೆಮೊ ಗಾಡಿ ಜೋಡಿಸಿ ನಿಲ್ಲಿಸಿದ್ದಳು. ಐದರಲ್ಲಿ ಸೀಟು ಹಿಂದುಮುಂದು. ನೋಡಿದ ಕೂಡಲೇ ನನಗೆ ರೇಗಿತು. ಎರಡು ಚಕ್ರದ ಸೈಕಲ್ಲಿನಲ್ಲಿ ಚೈನ್ ಯಾವ ಕಡೆ ಇದೆಯೋ ಅದು ಬಲ ಅಂತ ಗಾಡಿಯೇ ಹೇಳುತ್ತದೆ. ಇಲ್ಲಿ ಹೇಳುವವರಿಲ್ಲ. ಸೀಟಿನ ಮೂತಿ ಯಾವ ಕಡೆಗೋ ಅದು ಮುಂದೆ. ಅದು ತಿರುಗಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್. ಸರಿಯಾದ ಕಡೆ ಇದ್ದರೆ ತುಳಿದಷ್ಟೂ ಬಿಗಿ, ಅದಲುಬದಲಾದರೆ ತುಳಿದಷ್ಟೂ ಸಡಿಲ. ವಿಮಾನಕ್ಕೆ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1900ರಲ್ಲೇ ತಮ್ಮ ಸೈಕಲ್ಲುಗಳ ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಹಾಕಿದ್ದರು. ಇದನ್ನೂ ಹೇಳಿದೆ. ಎಲ್ಲರ ಎದುರಿಗೇ ಹೇಳಿದೆ. ‘ಏನಮ್ಮಾ, ಕ್ರಾಂಕ್ ಮೇಲೆ ಅಕ್ಷರ ಕೊರೆದಿರೋದು ಅಲಂಕಾರಕ್ಕಾ? ಎಲ್ ಅಂದರೆ ಎಡ.’

ಅವಳು ಏನೂ ಅನ್ನಲಿಲ್ಲ. ಐದೂ ಸೀಟು ತಿರುಗಿಸಿದಳು. ಆಮೇಲೆ ಎಲ್ಲಿಂದಲೋ ಕೆಂಪು ಟೇಪ್ ತಂದು 12 ಗಾಡಿಗಳ ಎಡ ಕ್ರಾಂಕ್‌ಗೂ ಒಂದೊಂದು ಸುತ್ತು ಹಾಕಿದಳು. ನನಗೆ ಇಷ್ಟು ವರ್ಷದಲ್ಲಿ ಹೊಳೆಯದ ಉಪಾಯ ಅದು. ಹೊಗಳಲಿಲ್ಲ. ಮೂಲೆಯಲ್ಲಿದ್ದ 36 ಇಂಚಿನ ಗಾಡಿ ತೋರಿಸಿ, ‘ಇದಕ್ಕೂ ಹಾಕಲಾ ಸರ್?’ ಅಂದಳು. ‘ಅದು ನಾಳೆ ರೈಡ್‌ದು. ನಾನೇ ನೋಡ್ಕೋತೀನಿ, ಮುಟ್ಟಬೇಡ’ ಅಂದೆ.

ರಾತ್ರಿ 11 ಗಂಟೆಗೆ ಟ್ರೈನರ್ ಫೋನ್ ಮಾಡಿದ. ‘ಗುರು, 36ರಲ್ಲಿ ಗಾಳಿ ನಿಲ್ತಿಲ್ಲ.’ ಹೋದೆ. ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ಬೇರಿಂಗ್ ಕ್ಯಾಪ್‌ನ ನಾಲ್ಕು ಬೋಲ್ಟ್ ಬಿಚ್ಚಿ ಚಕ್ರ ಇಳಿಸಿ, ಟ್ಯೂಬ್ ಬದಲಿಸಿ, ಟೈರ್ ಕೂರಿಸಿದೆ. ಆ ಟೈರ್ ಕೂರಿಸುವುದೇ ಒಂದು ಕುಸ್ತಿ. ಟೈರಿನ ಹೆಸರು ಸರಿಯಾಗಿ ವಾಲ್ವ್ ನೇರಕ್ಕೆ ಬರುವ ಹಾಗೆ ಹೊಂದಿಸಿದೆ. ಇದು ನನ್ನ ಒಂದು ಚಟ, ಯಾರೂ ನೋಡುವುದಿಲ್ಲ, ಆದರೂ ಮಾಡುತ್ತೇನೆ. ಪೆಡಲ್ ಎರಡನ್ನೂ ಇನ್ನೊಮ್ಮೆ ಗಟ್ಟಿಯಾಗಿ ಬಿಗಿದೆ. ಚಕ್ರ ಎತ್ತಿ ಫ್ರೇಮಿಗೆ ಇಟ್ಟೆ. ಅದು ರಿಮ್ ಬ್ರೇಕ್ ಗಾಡಿ. ಡಿಸ್ಕ್ ಆಗಿದ್ದರೆ ಚಕ್ರ ಉಲ್ಟಾ ಕೂರುತ್ತಲೇ ಇರಲಿಲ್ಲ. ಇದು ಎರಡೂ ಕಡೆಯಿಂದ ಮುದ್ದಾಗಿ ಕೂರುತ್ತದೆ. ಕೂತಿತು. ಮನೆಗೆ ಹೋಗಿ ಮಲಗಿದೆ.

ಬೆಳಗ್ಗೆ ರೈಡ್ ಚೆನ್ನಾಗೇ ಶುರುವಾಯಿತು. ಸುತ್ತಿಗಿಷ್ಟು ಅಂತ ದಾನಿಗಳು ಬರೆಸಿದ್ದರು, ಹಣ ಮಕ್ಕಳ ಚಿಕಿತ್ಸೆಗೆ. ಫಿನಿಶ್ ಲೈನ್ ಹತ್ತಿರ ದೊಡ್ಡ ಪರದೆ, ಅದರಲ್ಲಿ ಸುತ್ತು ಮತ್ತು ಮೊತ್ತ. ಲ್ಯಾಪ್ ಆ್ಯಪ್ ಎಂಟನೇ ಸುತ್ತಿಗೇ ಕೈಕೊಟ್ಟಿತು. ಗೆರೆ ದಾಟಿದ ಯಾರದೋ ತಳ್ಳುಗಾಡಿಗೂ ಒಂದು ಸುತ್ತು ಕೊಟ್ಟಿತ್ತು. ಆಮೇಲೆ ಆ ಹುಡುಗಿಯೇ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಲೆಕ್ಕ ಇಟ್ಟಳು. ಆ್ಯಪ್‌ಗೆ ಕೊಟ್ಟ ದುಡ್ಡಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಕೆಲಸ ಉಳಿಯಬೇಕು.

36 ಇಂಚಿನ ಚಕ್ರ ಒಂದು ಸಲ ತಿರುಗಿದರೆ ಸುಮಾರು 2.87 ಮೀಟರ್. 160 ಕಿ.ಮೀ.ಗೆ 55,000ಕ್ಕೂ ಜಾಸ್ತಿ ಸಲ ತುಳಿಯಬೇಕು. ಇಳಿಜಾರಲ್ಲಿ ಕಾಲು ಬಿಟ್ಟು ಕೂರುವ ಹಾಗಿಲ್ಲ, ಚಕ್ರ ತಿರುಗಿದರೆ ಕಾಲೂ ತಿರುಗಲೇಬೇಕು. ಈ ಲೆಕ್ಕವನ್ನು ಮೈಕಿನಲ್ಲಿ ಹೇಳಿದವನೂ ನಾನೇ. ಅಂದರೆ ಪೆಡಲ್ ಸಡಿಲವಾಗಲು ಎಷ್ಟು ಅವಕಾಶ ಇದೆ ಅಂತ ನಾನೇ ಊರಿಗೆಲ್ಲ ಸಾರುತ್ತಿದ್ದೆ.

27ನೇ ಸುತ್ತು. ಟ್ರೈನರ್ ಎದುರಿಗೆ ಹಾದು ಹೋಗುತ್ತಾ ಕೂಗಿದ. ‘ಗುರು, ಟಿಕ್ ಟಿಕ್ ಅಂತಿದೆ!’

ಆ ಕ್ಷಣದ ಬಗ್ಗೆ ಎಷ್ಟು ಸಲ ಯೋಚಿಸಿದ್ದೇನೋ. ನನಗೂ ಶಬ್ದ ಕೇಳಿಸಿತು. ಚಕ್ರ ತಿರುಗಿದಾಗಲೆಲ್ಲ ಒಂದು ಟಿಕ್. ಹೀಗೆ ತಿರುಗಿದಾಗೊಂದೇ ಬರುವ ಶಬ್ದ ಕಾಲಿನ ಕಡೆಯದು, ಸೀಟಿನದಲ್ಲ. ಹೊಸ ಹುಡುಗನೂ ಹೇಳಬಲ್ಲ. ಆದರೆ ಪರದೆಯಲ್ಲಿ ಮೊತ್ತ ಏರುತ್ತಿತ್ತು. ಮ್ಯಾನೇಜರ್ ಪಕ್ಕದಲ್ಲೇ ನಿಂತು ‘ನಿಲ್ಲಿಸೋದು ಬೇಡ ಅಲ್ವಾ?’ ಅಂದರು. ಅದು ಪ್ರಶ್ನೆಯಾಗಿರಲಿಲ್ಲ. ಆಗ ನಾನು ಹೇಳಿದ್ದು: ‘ಸೀಟ್ ಕ್ಲಾಂಪ್ ಇರಬೇಕು. ಬ್ರೇಕ್ ಟೈಮಲ್ಲಿ ನೋಡೋಣ.’

29ನೇ ಸುತ್ತಿನಲ್ಲಿ ನೀರಿಗೆ ನಿಂತ. ನಾನು ಸೀಟ್ ಕ್ಲಾಂಪ್ ಬಿಗಿದೆ. ಸಮಾಧಾನಕ್ಕೆ ಬೇರಿಂಗ್ ಕ್ಯಾಪ್ ಬೋಲ್ಟ್‌ಗಳನ್ನೂ ಒಂದು ಕೈ ನೋಡಿದೆ, ರಾತ್ರಿ ನಾನೇ ಹಾಕಿದ್ದ ಬೋಲ್ಟ್‌ಗಳು. ಕ್ರಾಂಕ್ ಅಲ್ಲೇ, ಮೂಗಿನ ಹತ್ತಿರವೇ ಇತ್ತು. ಒಳಮೈಯಲ್ಲಿ ಅಕ್ಷರ. ಪೆಡಲ್ ಹಿಡಿದು ಒಮ್ಮೆ ಅಲ್ಲಾಡಿಸಲಿಲ್ಲ. ರಾತ್ರಿ ಬಿಗಿದಿದ್ದೆನಲ್ಲ ಎಂಬ ಧೈರ್ಯ. ಆಗ ನೋಡಿದ್ದರೆ ಐದು ನಿಮಿಷದ ಕೆಲಸ: ಚಕ್ರ ಬಿಚ್ಚು, ತಿರುಗಿಸು, ಪೆಡಲ್ ಬಿಗಿ, ಹೊರಡು. ‘ಹೊರಡು’ ಅಂತ ಮಾತ್ರ ಹೇಳಿದೆ.

31ನೇ ಸುತ್ತು. ಫಿನಿಶ್ ಲೈನಿಗೆ ಮೂವತ್ತು ಅಡಿ ದೂರದಲ್ಲಿ ಎಡಗಾಲಿನ ಪೆಡಲ್ ಕಿತ್ತು ಬಂತು. ಆ ಎತ್ತರದಿಂದ ಯುಪಿಡಿ, ಅಂದರೆ ಅಂದುಕೊಳ್ಳದೆ ಗಾಡಿಯಿಂದ ಇಳಿಯುವುದು, ಆದರೆ ಓಡಿಕೊಂಡು ಇಳಿಯಬೇಕು. ಎರಡು ಹೆಜ್ಜೆ ಓಡಿದ, ಮೂರನೆಯದು ಸಿಗಲಿಲ್ಲ. ಅಂಗೈ ಮೇಲೆ ಬಿದ್ದ. ರಿಸ್ಟ್ ಗಾರ್ಡ್ ಇದ್ದಿದ್ದಕ್ಕೆ ಪ್ಲಾಸ್ಟಿಕ್ ಉಜ್ಜಿಹೋಯಿತು, ಕೈ ಉಳಿಯಿತು. ಪೆಡಲ್ ಉರುಳುತ್ತಾ ಬಂದು ಪರದೆಯ ಕೆಳಗೆ ನಿಂತಿತು. ಚಪ್ಪಾಳೆ ತಟ್ಟುತ್ತಿದ್ದವರು ಕೈ ಹಾಗೇ ಹಿಡಿದುಕೊಂಡಿದ್ದರು.

ನಾನು ಮೊದಲು ಅವನನ್ನು ನೋಡಿದೆ ಅಂತ ಹೇಳಬೇಕು. ನಿಜ ಹೇಳಬೇಕೆಂದರೆ ಮೊದಲು ನೋಡಿದ್ದು ಕ್ರಾಂಕ್. ಅಲ್ಯೂಮಿನಿಯಂ ಥ್ರೆಡ್ ಪುಡಿಪುಡಿಯಾಗಿತ್ತು. ‘ಪೆಡಲ್ ಕಂಪನಿದು ಸರಿ ಇಲ್ಲ’ ಅಂತ ಮ್ಯಾನೇಜರ್‌ಗೆ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಹುಡುಗಿ ಬಗ್ಗಿ ನೋಡಿ, ತುಂಬಾ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಅಂದಳು: ‘ಸರ್, ಇಲ್ಲಿ ಆರ್ ಅಂತ ಇದೆ. ಇದು ಎಡಗಡೆ ಅಲ್ವಾ?’

ಎಲ್ಲರ ಎದುರಿಗೆ ಹೇಳಬಹುದಿತ್ತು. ನಾನು ಹಾಗೇ ಮಾಡಿದ್ದೆನಲ್ಲ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಬಿಡಿ ಕ್ರಾಂಕ್ ಜೋಡಿ ಇತ್ತು, ಆದರೆ 150 ಎಂಎಂ ಉದ್ದದ್ದು. ಅವನು ಅಭ್ಯಾಸ ಮಾಡಿದ್ದು 127ರಲ್ಲಿ. ಕ್ರಾಂಕ್ ಕಳಚುವ ಪುಲ್ಲರ್ ಇರಲಿಲ್ಲ. ಎಕ್ಸ್‌ಪೋ ಬಜೆಟ್ ಬೇರೆ, ರೈಡ್ ಬಜೆಟ್ ಬೇರೆ ಅಂತ ಎರಡು ಶೀಟ್ ಮಾಡಿದ್ದರು. ಪುಲ್ಲರ್ ಎಕ್ಸ್‌ಪೋ ಶೀಟಿನಲ್ಲಿ ಇದ್ದಿದ್ದರಿಂದ ಶನಿವಾರ ರಾತ್ರಿಯೇ ವ್ಯಾನ್ ಹತ್ತಿ ಗೋಡೌನ್ ಸೇರಿತ್ತು. ಹೀಗೂ ಆಫೀಸ್ ನಡೆಸುತ್ತಾರೆ. ನೋಡಲು ಬಂದಿದ್ದ ಹಿರಿಯ ಸೈಕಲ್ ಸವಾರರೊಬ್ಬರು ಬ್ಯಾಗಿನಿಂದ ತಮ್ಮ ಪುಲ್ಲರ್ ತೆಗೆದು ಕೊಟ್ಟರು. ನಮ್ಮದೂ ಸೈಕಲ್ಲುಗಳಲ್ಲಿರುವಂಥ ಸ್ಕ್ವೇರ್ ಟೇಪರ್, ಅಂದರೆ ಚೌಕ ತುದಿಯ ಆಕ್ಸಲ್, ಆಗಿದ್ದರಿಂದ ಬಚಾವ್. ಎರಡೂ ಕ್ರಾಂಕ್ ಬದಲಿಸಿ, ಎರಡು ಸಲ ಅಕ್ಷರ ಓದಿ, ಚಕ್ರ ಕೂರಿಸಿದಾಗ 46 ನಿಮಿಷ ಹೋಗಿತ್ತು. ಕೈ ನಡುಗುತ್ತಿದ್ದರಿಂದ ಕೊನೆಯ ಬೋಲ್ಟ್ ಹಾಕಿದ್ದು ಟ್ರೈನರ್. ‘ಪೆಡಲ್ ಕಿತ್ತಿದ್ದು ಯಾಕೆ?’ ಅಂತ ಅವನು ಕೇಳಿದ. ‘ಚಕ್ರ ಉಲ್ಟಾ ಹಾಕಿದ್ದೆ’ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ‘ಟೈರ್ ಹೆಸರು ಮಾತ್ರ ವಾಲ್ವ್ ನೇರಕ್ಕಿದೆ’ ಅಂದ.

ಉದ್ದದ ಕ್ರಾಂಕ್‌ನಲ್ಲಿ ಕಾಲು ದೊಡ್ಡ ಸುತ್ತು ಸುತ್ತಬೇಕು. ವೇಗ ಇಳಿಯಿತು. ಸಂಜೆ 6ಕ್ಕೆ 71 ಸುತ್ತು, 142 ಕಿ.ಮೀ. ಇಳಿದವನೇ ನೆಲದ ಮೇಲೆ ಮಲಗಿಬಿಟ್ಟ. ಕೆಲವು ದಾನಿಗಳು 80ಕ್ಕೇ ಕೊಟ್ಟರು, ಕೆಲವರು 71ಕ್ಕೆ ಕೊಟ್ಟರು. ಮಾತಿದ್ದದ್ದೇ ಸುತ್ತಿನ ಲೆಕ್ಕ, ತಪ್ಪು ಅನ್ನುವ ಹಾಗಿಲ್ಲ.

ಸೋಮವಾರ ಮ್ಯಾನೇಜರ್‌ಗೆ ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ, ‘ತಾಂತ್ರಿಕ ಕಾರಣ ಅಂತ ಹಾಕೋಣ’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಹುಡುಗಿಗೆ ಸಾರಿ ಹೇಳಲು ಮೂರು ದಿನ ಹಿಡಿಯಿತು. ‘ಪರವಾಗಿಲ್ಲ ಸರ್’ ಅಂದಳು, ಟೇಪ್ ರೋಲ್ ಇನ್ನೂ ಬ್ಯಾಗಿನಲ್ಲೇ ಇತ್ತು.

ಮುಂದಿನ ರೈಡ್‌ನ ರನ್ ಶೀಟ್ ನಿನ್ನೆ ಬಂದಿದೆ. ಜಿರಾಫೆ ಇದೆ, ಅದೇ ಆ್ಯಪ್ ಇದೆ, ಬಜೆಟ್ ಶೀಟ್ ಈಗಲೂ ಎರಡೇ. ಹೊಸದಾಗಿ ಒಂದು ಸಾಲು ಸೇರಿದೆ: ‘ಬೆಳಗ್ಗೆ 5:30 – ಎಡ ಬಲ ಚೆಕ್.’ ಎದುರಿಗೆ ಇರುವ ಹೆಸರು ನನ್ನದಲ್ಲ, ಅವಳದು.