ತಡ ನಮ್ಮ ಗೇಟಿನೊಳಗೇ ಇತ್ತು

ಆರನೇ ಮಹಡಿಯ ಸ್ಲಾಬ್ ಹಾಕಿದ ದಿನ ಮಧ್ಯಾಹ್ನ ಒಂದೂವರೆ ಗಂಟೆ ಕಾಂಕ್ರೀಟ್ ಲಾರಿಯೇ ಬರಲಿಲ್ಲ. ಮೊದಲು ಸುರಿದದ್ದು ಬಿಗಿಯಾಗತೊಡಗಿತ್ತು. ಮೇಸ್ತ್ರಿ ಅದರ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಸಾರ್, ಜಾಯಿಂಟ್ ಬಿತ್ತು" ಅಂದರು. ಹೊಸ ಕಾಂಕ್ರೀಟ್ ಹಳೆಯದರೊಂದಿಗೆ ಒಂದಾಗದೆ ಅಲ್ಲೊಂದು ದುರ್ಬಲ ಗೆರೆ ಉಳಿಯುತ್ತದೆ ಎಂದರ್ಥ. ಲೋಡ್ ಆದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕೆಂಬುದು ರೆಡಿಮಿಕ್ಸ್ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 4926ರ ನಿಯಮ. ಆಮೇಲೆ ಬಂದ ಎರಡರಲ್ಲಿ ಒಂದನ್ನು ವಾಪಸ್ ಕಳಿಸಿದೆ. ದಿನದ ವರದಿಯಲ್ಲಿ ಎಂದಿನಂತೆ ಬರೆದೆ: ಸಿಲ್ಕ್ ಬೋರ್ಡ್ ಟ್ರಾಫಿಕ್. ಬೆಂಗಳೂರಿನಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ.

ಪ್ಲಾನಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಪ್ರಶ್ನಿಸಿದಳು. ಹನ್ನೆರಡು ಲಾರಿಗಳ ಜಿಪಿಎಸ್ ದಾಖಲೆ, ಅರ್ಧ ನಿಮಿಷಕ್ಕೊಂದು ಸಾಲಿನಂತೆ ಎಂಟು ತಿಂಗಳಿಗೆ 80 ಲಕ್ಷ ಸಾಲು ದಾಟಿತ್ತು. ಬಿಗ್ ಡೇಟಾ ಎಂದರೆ ಪವರ್‌ಪಾಯಿಂಟ್ ನೆನಪಾಗಿ ಆಕಳಿಕೆ ಬರುತ್ತಿದ್ದವನು ನಾನು. ಆ ಫೈಲನ್ನೂ ಒಮ್ಮೆ ತೆರೆಯಲು ಹೋಗಿ ಕೈಬಿಟ್ಟಿದ್ದೆ; ಎಕ್ಸೆಲ್ ಹಾಳೆ 10,48,576 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅವಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಮ್ಮ ಕಾಂಪೌಂಡಿನ ಸುತ್ತ ಗೆರೆ ಎಳೆದು, ಲಾರಿ ಗೆರೆಯ ಹೊರಗೆಷ್ಟು ಹೊತ್ತು, ಒಳಗೆಷ್ಟು ಹೊತ್ತು ಎಂದು ಲೆಕ್ಕ ಹಾಕಿದ್ದಳು. ಕಾಂಕ್ರೀಟ್ ಕಲಸುವ ಪ್ಲಾಂಟಿನಿಂದ ಗೇಟಿಗೆ ಸರಾಸರಿ 45 ನಿಮಿಷ. ಗೇಟಿನೊಳಗೆ 70.

"ಸರ್, ಮೊದಲ ಮೂರು ಲಾರಿ ಪ್ರತಿ ಸಲ ಒಳಗೇ ನಿಂತಿರ್ತವೆ. ಯಾಕೆ?"

ಯಾಕೆಂದು ನನಗೆ ಗೊತ್ತಿತ್ತು. ಲಾರಿ ಹೇಗೂ ತಡವಾಗಿ ಬರುತ್ತದೆಂದು, ಕಂಬಿ ಚೆಕಿಂಗ್ ಮುಗಿದು ಸಹಿ ಬೀಳುವ ಮೊದಲೇ ನಾನು ಪ್ಲಾಂಟಿಗೆ ಫೋನ್ ಮಾಡಿಬಿಡುತ್ತಿದ್ದೆ. ಮೂರೂ ಬಂದು ಡ್ರಮ್ ತಿರುಗಿಸುತ್ತ ನಿಲ್ಲುತ್ತಿದ್ದವು. ಅವು ಖಾಲಿಯಾಗಿ, ಪ್ಲಾಂಟಿಗೆ ಹೋಗಿ, ಮತ್ತೆ ತುಂಬಿಕೊಂಡು ಬರುವಷ್ಟರಲ್ಲಿ ಇಲ್ಲಿ ಮಧ್ಯಾಹ್ನದ ಬರಗಾಲ. ಎಂಟು ತಿಂಗಳು ಸಿಲ್ಕ್ ಬೋರ್ಡಿನ ತಲೆಗೆ ಕಟ್ಟಿದ್ದು ನನ್ನ ಫೋನಿನ ಕೆಲಸ.

ಆ ದತ್ತಾಂಶಕ್ಕೂ ಎಲ್ಲ ಗೊತ್ತಿರಲಿಲ್ಲ, ಬಿಡಿ. ಒಂದು ಲಾರಿ ಮೂರು ಗಂಟೆ ಒಳಗೇ ನಿಂತಿದ್ದೇಕೆಂದು ಅವಳಿಗೆ ಬಗೆಹರಿಯಲಿಲ್ಲ. ಕೊನೆಗೆ ಸೆಕ್ಯುರಿಟಿಯವನ ರಿಜಿಸ್ಟರ್ ತೆಗೆಸಿದರೆ ಆ ತಾರೀಖಿನೆದುರು ಪೆನ್ಸಿಲ್ಲಿನಲ್ಲಿ 'ಪಂಚರ್' ಎಂದಿತ್ತು.

ಏಳನೇ ಮಹಡಿಗೆ ಸಹಿ ಬಿದ್ದ ಮೇಲೆಯೇ ಫೋನ್ ಮಾಡಿದೆ. ಪಂಪಿನವನು, ಕಂಬಿಯವರು, ಸೆಂಟ್ರಿಂಗ್‌ನವರು, ಮೂವತ್ತು ಜನ ಕೈಕಟ್ಟಿ ಕೂತಿದ್ದರು. ನನಗೋ ಹೊಟ್ಟೆಯಲ್ಲಿ ಸಂಕಟ. ಅರ್ಧ ಗಂಟೆ ಕಳೆದ ಮೇಲೆ ಮೇಸ್ತ್ರಿ ಮೆಟ್ಟಿಲಿಳಿದು ಬಂದು ಕೇಳಿದರು: "ಏನ್ ಸಾರ್, ಇವತ್ತು ಪ್ಲಾಂಟಿಗೆ ಹೇಳೋದೇ ಮರೆತ್ರಾ?"