ಪೌಲನು ಡೇರೆ ಹೊಲಿಯುತ್ತಿದ್ದ, ನಿಮ್ಮ ಪಾಸ್ಟರ್ ಏಕೆ ದುಡಿಯಬಾರದು?

ನಮ್ಮ ಸಭಾಪಾಲಕರಿಗೂ ದೂರದಲ್ಲಿರುವ ಒಂದು ಮಿಷನರಿ ಕುಟುಂಬಕ್ಕೂ ನಾನು ಪ್ರತಿ ತಿಂಗಳು ಹಣ ಕೊಡುತ್ತೇನೆ ಎಂದು ತಿಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ನೆಂಟರು ಕೇಳುತ್ತಾರೆ, ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ, ಆರಾಧನೆ ಮುಗಿಸಿ ಹೊರಬರುವ ವಿಶ್ವಾಸಿಗಳು ಎಲ್ಲರಿಗಿಂತ ಹೆಚ್ಚಾಗಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಡೇರೆಯ ವಿಷಯ. ಯೇಸುವಿನ ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಡೇರೆ ಮಾಡುವ ಕಸುಬಿನಲ್ಲಿದ್ದದ್ದು ನಿಜ. ಬೈಬಲಿನ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದ 3ನೇ ವಚನದಲ್ಲಿ ಅದು ಇದೆ. ಆ ವಚನವನ್ನು ನನ್ನ ಮುಂದೆ ಹಿಡಿಯುವವರು ದಯವಿಟ್ಟು 5ನೇ ವಚನದವರೆಗೂ ಓದಬೇಕು. ಜೊತೆಗಾರರಾದ ಸೀಲನೂ ತಿಮೊಥೆಯನೂ ಮಕೆದೋನ್ಯದಿಂದ ಬಂದ ಮೇಲೆ ಪೌಲನು ಬೋಧನೆಯಲ್ಲೇ ಪೂರ್ತಿಯಾಗಿ ತೊಡಗಿದನೆಂದು ಅಲ್ಲಿದೆ. ಮಕೆದೋನ್ಯದಿಂದ ಬಂದ ಸಹೋದರರು ತನ್ನ ಕೊರತೆ ನೀಗಿಸಿದರೆಂದು ಅವನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳಿದ್ದಾನೆ. ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ, ಸುವಾರ್ತೆ ಸಾರುವವರ ಜೀವನ ಸುವಾರ್ತೆಯಿಂದಲೇ ನಡೆಯಬೇಕೆಂದು ದೀರ್ಘವಾಗಿ ವಾದಿಸಿ, ಆ ಹಕ್ಕನ್ನು ತಾನು ಮಾತ್ರ ಬಳಸಿಕೊಳ್ಳಲಿಲ್ಲ ಎನ್ನುತ್ತಾನೆ. ಬಿಟ್ಟುಕೊಟ್ಟದ್ದು ಅವನ ಸ್ವಂತ ಹಕ್ಕು. ಅವನ ಹೆಸರು ಹೇಳಿ ಇನ್ನೊಬ್ಬರ ಹಕ್ಕನ್ನು ಕಿತ್ತುಕೊಳ್ಳಲು ನಮಗೆ ಅಧಿಕಾರ ಕೊಟ್ಟವರು ಯಾರು? ಯೇಸು ಊರೂರು ಸುತ್ತುವಾಗಲೂ ಮಗ್ದಲದ ಮರಿಯಳು, ಹೆರೋದನ ಅಧಿಕಾರಿ ಕೂಜನ ಹೆಂಡತಿ ಯೋಹಾನಳು, ಸುಸನ್ನಳು ಮತ್ತು ಇನ್ನೂ ಅನೇಕ ಸ್ತ್ರೀಯರು ತಮ್ಮ ಆಸ್ತಿಯಿಂದ ನೆರವಾದರೆಂದು ಲೂಕನು ಬರೆದಿದ್ದಾನೆ.

‘ಹಣ ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತು?’ ಇದು ನ್ಯಾಯವಾದ ಪ್ರಶ್ನೆ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣದ ಬಗ್ಗೆ ಯಾರೂ ತಪ್ಪು ಹೊರಿಸದಿರಲೆಂದು ಪೌಲನು ಸಭೆಗಳು ನೇಮಿಸಿದ ವ್ಯಕ್ತಿಯನ್ನು ಜೊತೆಗೆ ಇಟ್ಟುಕೊಂಡನು. ಲೆಕ್ಕ ಕೇಳಿ. ಲೆಕ್ಕ ತೋರಿಸದವರಿಗೆ ಕೊಡಬೇಡಿ, ನಾನೂ ಕೊಡುವುದಿಲ್ಲ.

ನನ್ನನ್ನು ರೇಗಿಸುವುದು ಬೇರೊಂದು ಲೆಕ್ಕ. ಒಮ್ಮೆ ರಜೆಯ ಮೇಲೆ ಬಂದಿದ್ದ ಮಿಷನರಿ ದಂಪತಿಯನ್ನು ನಮ್ಮ ಪ್ರಾರ್ಥನಾ ಕೂಟಕ್ಕೆ ಕರೆದಿದ್ದೆವು. ಅವರು ಆ ಜನರ ಭಾಷೆ ಕಲಿಯುತ್ತಿರುವ ಬಗೆಯನ್ನು ವಿವರಿಸುತ್ತಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ನಡುವೆಯೇ ತಡೆದು, ‘ಅದೆಲ್ಲ ಇರಲಿ ಬ್ರದರ್, ಇಷ್ಟು ವರ್ಷದಲ್ಲಿ ಎಷ್ಟು ದೀಕ್ಷಾಸ್ನಾನ ಆಯಿತು?’ ಎಂದರು. ಎಷ್ಟು ಜನ ಕ್ರೈಸ್ತರಾದರೆಂಬ ಲೆಕ್ಕ ಅದು. ಮಿಷನರಿಯ ಮುಖ ಬಾಡಿತು. ಪಕ್ಕದಲ್ಲಿದ್ದ ಅವರ ಹೆಂಡತಿಯನ್ನು ಆ ಸಂಜೆ ಯಾರೂ ಒಂದು ಮಾತೂ ಕೇಳಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿಯವರಿಗೂ ಯಾರಾದರೂ ಹೀಗೆ ಕೇಳಿದ್ದರೆ ಏನು ಹೇಳುತ್ತಿದ್ದರು? 1792ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಕೆಟರಿಂಗ್‌ನ ಒಂದು ಮನೆಯಲ್ಲಿ ಕೆಲವರು ಸೇರಿ, 13 ಪೌಂಡ್ 2 ಶಿಲಿಂಗ್ 6 ಪೆನ್ಸ್ ಕೊಡುವುದಾಗಿ ಒಪ್ಪಿ ಬ್ಯಾಪ್ಟಿಸ್ಟ್ ಮಿಷನ್ ಸಂಘವನ್ನು ಆರಂಭಿಸಿದರು. ಕೇರಿ 1793ರಲ್ಲಿ ಬಂಗಾಳ ತಲುಪಿದರು. ಆ ನಾಡಿನವರಲ್ಲಿ ಮೊದಲಿಗರಾದ ಕೃಷ್ಣ ಪಾಲ್ ಎಂಬವರಿಗೆ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರ್‌ನಲ್ಲಿ. ಏಳು ವರ್ಷಗಳ ಕಾಲ ನಮ್ಮ ಹಿರಿಯರಿಗೆ ಕೊಡಲು ಅವರ ಬಳಿ ಸೊನ್ನೆಯೇ ಇತ್ತು. ಕೈಯಲ್ಲಿ ಹಣವಿಲ್ಲದೆ ಅವರು ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಮೇಲ್ವಿಚಾರಣೆಗೆ ಸೇರಿದಾಗ, ವ್ಯಾಪಾರದಲ್ಲಿ ಮುಳುಗಿ ಮಿಷನರಿಯ ಮನಸ್ಸು ಕಳೆದುಕೊಳ್ಳಬೇಡಿ ಎಂದು ಕಳುಹಿಸಿದವರಿಂದಲೇ ಎಚ್ಚರಿಕೆಯ ಪತ್ರ ಬಂತು. ‘ದುಡಿಯಬಾರದೇ’ ಎನ್ನುವವರು ಇದನ್ನು ಗಮನಿಸಬೇಕು. ದುಡಿಯದಿದ್ದರೆ ಸೋಮಾರಿ, ದುಡಿದರೆ ಲೋಕದ ಆಸೆ ಹೊತ್ತವನು!

ಆ ಸಂಘದ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ಈ ಕೆಲಸವನ್ನು ಆಳವಾದ ಗಣಿಗೆ ಇಳಿಯುವುದಕ್ಕೆ ಹೋಲಿಸಿದ್ದರು: ಕೇರಿ ಕೆಳಗೆ ಇಳಿಯುತ್ತಾರೆ, ಉಳಿದವರು ಮೇಲೆ ನಿಂತು ಹಗ್ಗ ಹಿಡಿದಿರಬೇಕು. ಒಳ್ಳೆಯ ಮಾತು. ಆದರೆ ಆ ಹಗ್ಗಕ್ಕೆ ಕೇರಿಯವರ ಹೆಂಡತಿ ಡಾರತಿಯೂ ಜೋತುಬಿದ್ದಿದ್ದರು. ಮೊದಲು ಬರಲು ಒಪ್ಪದೆ, ಕೊನೆಗೆ ಹಸುಗೂಸನ್ನು ಎತ್ತಿಕೊಂಡು ಹಡಗು ಹತ್ತಿದ ಹೆಂಗಸು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಅವರ ಮನಸ್ಸು ಕದಡಿತು. 1807ರಲ್ಲಿ ಸಾಯುವವರೆಗೂ ಅವರು ಚೇತರಿಸಿಕೊಳ್ಳಲಿಲ್ಲ. ಕೇರಿಯವರ ಅನುವಾದಗಳನ್ನು ಹೊಗಳುವ ಪ್ರಸಂಗಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಡಾರತಿಯ ಹೆಸರು ಅವುಗಳಲ್ಲಿ ಬರುವುದು ತೀರಾ ಅಪರೂಪ.

ಹಾಗಾಗಿ, ಏಕೆ ಕೊಡುತ್ತೀರಿ ಎಂದು ನನ್ನನ್ನು ಕೇಳುವುದು ಬಿಟ್ಟು, ಆ ಕುಟುಂಬ ಹೇಗಿದೆ ಎಂದು ಒಬ್ಬರಾದರೂ ಕೇಳಿದರೆ ಕೂರಿಸಿಕೊಂಡು ಮಾತನಾಡುತ್ತೇನೆ. ಹೆಂಡತಿಗೆ ಅಲ್ಲಿ ಮನಬಿಚ್ಚಿ ಮಾತನಾಡಲು ಯಾರಿದ್ದಾರೆ? ಮಕ್ಕಳ ಓದಿನ ಗತಿಯೇನು? ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು? ವಯಸ್ಸಾಗಿ ಹಿಂತಿರುಗಿದಾಗ ಇರಲು ಮನೆ ಇದೆಯೇ? ನಮ್ಮ ಸಭಾಪಾಲಕರ ವಿಷಯದಲ್ಲೂ ಇದೇ. ವಾರವಿಡೀ ಸಾವು, ಜಗಳ, ರೋಗಿಗಳ ನಡುವೆ ಓಡಾಡುವ ಅವರು ತಮ್ಮ ಸಂಕಟವನ್ನು ಯಾರ ಬಳಿ ಹೇಳಿಕೊಳ್ಳುತ್ತಾರೆ?

ಕೊಡುವ ಮನಸ್ಸಿದ್ದರೆ ತಪ್ಪದೆ ಕೊಡಿ. ಒಂದು ತಿಂಗಳು ಉಕ್ಕಿ ಮೂರು ತಿಂಗಳು ಬತ್ತುವ ಹಣವನ್ನು ನಂಬಿ ಯಾರೂ ಮಕ್ಕಳ ಶುಲ್ಕ ಕಟ್ಟಲಾರರು. ನಿಲ್ಲಿಸಬೇಕಾಗಿ ಬಂದರೆ ಕೆಲವು ತಿಂಗಳು ಮೊದಲೇ ತಿಳಿಸಿ. ಹಣದ ಜೊತೆ ಪತ್ರವನ್ನೂ ಬರೆಯಿರಿ, ಹೆಂಡತಿಗೂ ಬೇರೆಯಾಗಿ ಬರೆಯಿರಿ. ಉತ್ತರ ಬರೆಯಲೇಬೇಕೆಂದಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.