ಅಮ್ಮಿ ಮತ್ತೆ ಅಲಿಫ್‌ನಿಂದ ಶುರು ಮಾಡಿದ್ದಾರೆ

ನಮ್ಮ ಅಮ್ಮಿಗೆ ಈಗ 61. ಮೂರು ತಿಂಗಳಿಂದ ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನದ ಜೊಹರ್ ನಮಾಜ್ ಮುಗಿಸಿ ಪಕ್ಕದ ಗಲ್ಲಿಯ ಆಪಾ (ಅಕ್ಕ ಅಂತ ಕರೆಯುವ ಟೀಚರ್) ಮನೆಗೆ ಕುರಾನ್ ಕಲಿಯಲು ಹೋಗುತ್ತಾರೆ, ಅದೂ ಅರಬಿಯ ಮೊದಲ ಅಕ್ಷರ ಅಲಿಫ್‌ನಿಂದ. ಕಲಬುರಗಿ ಬಿಸಿಲು ಗೊತ್ತಲ್ವಾ? ಆದರೂ ತಪ್ಪಿಸಲ್ಲ.

ಇವತ್ತು ಬಿಡೋಕೆ ಹೋದವಳು ನಾನೂ ಕೂತೆ. ಚಾಪೆ ಮೇಲೆ ಹದಿನಾಲ್ಕು ಹೆಂಗಸರು, ಎದುರಿಗೆ ಕುರಾನ್ ಇಟ್ಟು ಓದುವ ಮರದ ರೆಹಲ್‌ಗಳು. ಪಾಠ ಒಂದೇ ಅಕ್ಷರದ್ದು. ನಾಲಿಗೆಯ ಬುಡದಿಂದ, ಕಿರುನಾಲಿಗೆಯ ಹತ್ತಿರ ಹುಟ್ಟಬೇಕಾದ ಅರಬಿಯ ಕಾಫ್. ನಮ್ಮ ದಖನಿ ಉರ್ದು ಮಾತಿನಲ್ಲಿ ಅದು ‘ಖ’ ಆಗಿಬಿಡುತ್ತದೆ. ‘ಕಲ್ಬ್’ ಅನ್ನುವಾಗ ಅದು ಬಾಯಿ ಮುಂದಕ್ಕೆ ಜಾರಿ ಮಾಮೂಲಿ ‘ಕ’ ಆದರೆ ಹೃದಯ ಹೋಗಿ ನಾಯಿ ಅನ್ನುವ ಅರ್ಥ ಬರುತ್ತದೆ! ಅಮ್ಮಿ ಗಂಟಲಿಗೆ ಬೆರಳಿಟ್ಟುಕೊಂಡು ಹತ್ತು ಸಲ ಹೇಳಿದರು. ಹನ್ನೊಂದನೆಯದು ಸರಿಯಾಯಿತು. ಆಪಾ ‘ಮಾಷಾ ಅಲ್ಲಾಹ್’ ಅಂದಾಗ ಅವರ ಮುಖ ನೋಡಬೇಕಿತ್ತು.

ಆಮೇಲೆ ಅರ್ಥ, ಅದೂ ಕನ್ನಡದಲ್ಲಿ. ಅಲ್ಲಿ ಅರ್ಧ ಜನ ಕನ್ನಡ ಶಾಲೆಗೆ ಹೋದವರು. ಉರ್ದು ಮಾತಾಡುತ್ತಾರೆ, ಓದೋಕೆ ಬರಲ್ಲ. ಪ್ರವಾದಿಯವರಿಗೆ ಮೊದಲು ಇಳಿದ ಮಾತೇ ‘ಇಕ್ರಾ’, ಓದು ಅಂತ. ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾ ಅವರಿಂದ 2,000ಕ್ಕೂ ಜಾಸ್ತಿ ಹದೀಸ್‌ಗಳು, ಅಂದರೆ ಪ್ರವಾದಿಯವರ ನುಡಿ-ನಡೆಯ ವರದಿಗಳು, ಬಂದಿವೆ. ಪ್ರವಾದಿಯವರ ಸಂಗಡಿಗರಾದ ದೊಡ್ಡ ದೊಡ್ಡ ಸಹಾಬಿಗಳೇ ಅವರ ಹತ್ತಿರ ಬಂದು ಕೇಳುತ್ತಿದ್ದರು. ಹಾಗಿದ್ದೂ ಅಮ್ಮಿಯ ಓದನ್ನು ಹನ್ನೊಂದನೇ ವಯಸ್ಸಿಗೆ ಯಾಕೆ ಬಿಡಿಸಿದರು ಅಂತ ನನಗೆ ಇವತ್ತಿಗೂ ಸಂಕಟ.

ಈಗ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಆ ಸದ್ದಿನ ನಡುವೆ ಕಾಫ್, ಕಾಫ್, ಕಾಫ್.